ಮಾಳಮಡ್ಡಿಗೆ ಬಂದ ಕೆಲವು ಕ್ರೀಡಾಚೀಟಿಗಳು: ಕಾಲನಿರ್ಣಯದ ಒಂದು ಪ್ರಯತ್ನ

ತೆಳುಕಾಗದದ ಪಾಕೀಟಿನಲ್ಲಿ ಸಿಗರೇಟುಗಳು ಮುರಿಯದಿರಲೆಂದು ನಡುವೆ ಇಡುತ್ತಿದ್ದ ಗಟ್ಟಿ ಕಾಗದದ ತುಂಡಿನ ಮೇಲೆ ಚಿತ್ರವನ್ನು ಅಚ್ಚುಹಾಕಿದರೆ ಗಿರಾಕಿಯು ಅದೇ ಪಾಕೀಟನ್ನು ಮತ್ತೆ ಮತ್ತೆ ಕೊಳ್ಳುವನೆಂಬ ವಾಣಿಜ್ಯಬುದ್ಧಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಅಮೆರಿಕೆಯ ತಂಬಾಕಿನ ವರ್ತಕರಿಗೆ ಹೊಳೆಯಿತು. ರಿಚ್ಮಂಡ್ ನಗರದ ಆಲೆನ್ ಆ್ಯಂಡ್ ಗಿಂಟರ್ ಸಂಸ್ಥೆಯವರು 1887ರಲ್ಲಿ ಜಗತ್ತಿನ ಕ್ರೀಡಾವೀರರೆಂದು ಬೇಸ್‌ಬಾಲ್ ಆಟಗಾರರನ್ನೂ ಮುಷ್ಟಿಯುದ್ಧದ ಮಲ್ಲರನ್ನೂ ಒಂದೇ ಮಾಲೆಯಲ್ಲಿ ಪೋಣಿಸಿ ಹೊರತಂದರು; ಬ್ರಿಸ್ಟಲ್ಲಿನ ವಿಲ್ಸ್ ಸಂಸ್ಥೆಯವರು 1896ರಲ್ಲಿ ಕ್ರಿಕೆಟಿಗರ 50 ಚೀಟಿಗಳ ಮಾಲೆಯನ್ನು ಪ್ರಕಟಿಸಿ, 1901ರಲ್ಲಿಯೂ 1908ರಲ್ಲಿಯೂ ಅದನ್ನು ಹೊಸದಾಗಿ ಮುಂದುವರಿಸಿದರು. ಸುಮಾರು 67 ಮಿಲಿಮೀಟರು ಉದ್ದ, 35 ಮಿಲಿಮೀಟರು ಅಗಲದ ಈ ಚೀಟಿಗಳ ಪರಂಪರೆ ಇಂಗ್ಲೆಂಡಿನಲ್ಲಿ 1940ರ ಸುಮಾರಿಗೆ, ಯುದ್ಧಕಾಲದ ಕಾಗದದ ಅಭಾವದಿಂದ, ಕಡಿದುಹೋಯಿತು. ಸಿಗರೇಟು ಸೇದುವವರ ಶ್ವಾಸಕೋಶಕ್ಕೆ ಆದ ಹಾನಿಯನ್ನು ಲೆಕ್ಕಕ್ಕೆ ಹಿಡಿಯದೆ ನೋಡುವುದಾದರೆ, ಲಲಿತವಾದ ಸಣ್ಣ ಮುದ್ರಣಕಲೆಯೊಂದು ಹೀಗೆ ಅಕಾಲದಲ್ಲಿ ಅಳಿಯಿತೆನ್ನಬೇಕು.

ಇಂತಹ ಚೀಟಿಗಳ ಒಂದು ಸಣ್ಣ ಕಂತೆಯನ್ನು, ಯಾವ ಸೂಚಿಯಲ್ಲಿಯೂ ಸುಲಭವಾಗಿ ಹೊಂದಿಕೊಳ್ಳದವೆಂಬ ಟಿಪ್ಪಣಿಯೊಡನೆ, ಪುಣೆಯ ಸಂಗ್ರಾಹಕ ಮಿತ್ರರೊಬ್ಬರು ಧಾರವಾಡದ ಮಾಳಮಡ್ಡಿಯಲ್ಲಿರುವ ನನಗೆ ಕಳುಹಿಸಿರುವುದು ಈ ಲೇಖನಕ್ಕೆ ನಿಮಿತ್ತ. ಚೀಟಿಯ ಮೋರೆಯನ್ನು ನೋಡಿ ಆಟಗಾರನನ್ನು ಗುರುತಿಸಿದೊಡನೆ ಚೀಟಿಯನ್ನೇ ಗುರುತಿಸಿದೆವೆಂದು ತಿಳಿಯುವುದು ಸಂಗ್ರಾಹಕರಲ್ಲಿ ರೂಢಿಯಾದ ಭ್ರಮೆ. ಚೀಟಿಯ ಕಾಲವನ್ನೂ ಕುಲವನ್ನೂ ಹೇಳುವುದು ಅದರ ಬೆನ್ನು: ಯಾರು ಅಚ್ಚುಹಾಕಿಸಿದರು, ಯಾವ ಪೇಟೆಗಾಗಿ ಅಚ್ಚುಹಾಕಿಸಿದರು, ಆಟಗಾರನ ಬಗೆಗೆ ಅಂದು ಏನನ್ನು ಬಲ್ಲವರಾಗಿದ್ದರು, ಏನನ್ನು ಇನ್ನೂ ಅರಿಯದಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಅಲ್ಲಿದೆ.

ರಣಜಿತಸಿಂಹರ ಚೀಟಿಯನ್ನು ತೆಗೆದುಕೊಳ್ಳೋಣ. ಅವರು ಸಸೆಕ್ಸ್ ಪ್ರಾಂತದ ಪರವಾಗಿ ಆಡತೊಡಗಿದ್ದು 1895ರಲ್ಲಿ. 1896ರ ಜುಲೈಯಲ್ಲಿ ಮ್ಯಾಂಚೆಸ್ಟರಿನ ತಮ್ಮ ಮೊದಲ ಟೆಸ್ಟಿನಲ್ಲಿ 62 ಮತ್ತು ಔಟಾಗದೆ 154 ಓಟಗಳನ್ನು ಗಳಿಸಿದರು. ನವಾನಗರದ ಗಾದಿಯನ್ನೇರಿ ಜಾಮ್‌ಸಾಹೇಬರಾದದ್ದು 1907ರಲ್ಲಿ. ಚೀಟಿಯಲ್ಲಿ ಕೇವಲ ಕುಮಾರನೆಂದಿದ್ದು ರಾಜಪದವಿಯ ಉಲ್ಲೇಖವಿಲ್ಲದಿದ್ದರೆ ಅದು 1907ಕ್ಕೆ ಹಿಂದಿನದೆಂದು ಊಹಿಸಲು ಆಧಾರವುಂಟು. ಆದರೆ ವಿಲ್ಸ್ ಸಂಸ್ಥೆಯ 1896ರ ಮಾಲೆಯನ್ನು ಈಚಿನ ದಶಕಗಳಲ್ಲಿ ಮರುಮುದ್ರಿಸಿದ್ದಾರಾಗಿ ಬೆನ್ನಿನ ಅಕ್ಷರಗಳನ್ನಷ್ಟೇ ನಂಬುವಂತಿಲ್ಲ, ಭೂತಗನ್ನಡಿಯನ್ನು ಹಿಡಿಯಬೇಕಾಗುತ್ತದೆ. ಹಳೆಯದು ಕಲ್ಲಚ್ಚಿನ ಕೆಲಸ. ಅದರ ಬಣ್ಣದ ಚುಕ್ಕೆಗಳು ಕುಶಲಿಯ ಕೈಯಿಂದ ಬಿದ್ದವಾದುದರಿಂದ ಅಂಕುಡೊಂಕಾಗಿ ಚದುರಿರುತ್ತವೆ. ಈಚಿನ ಪ್ರತಿಯಲ್ಲಿ ಚುಕ್ಕೆಗಳು ಜಾಳಿಗೆಯಂತೆ ಸಾಲುಹಿಡಿದು ನಿಲ್ಲುತ್ತವೆ. ಕತ್ತಲೆಕೋಣೆಯಲ್ಲಿ ಅತಿನೇರಳೆ ದೀಪವನ್ನು ಹಿಡಿದಾಗ ಕಾಗದವು ನೀಲಿಬಿಳುಪಾಗಿ ಹೊಳೆದರೆ ಅನುಮಾನವು ಮತ್ತಷ್ಟು ಬಲವಾಗುತ್ತದೆ, ಏಕೆಂದರೆ ಹಾಗೆ ಹೊಳೆಯುವ ರಾಸಾಯನಿಕಗಳು ಕಾಗದದ ತಯಾರಿಕೆಯಲ್ಲಿ ಸಾಮಾನ್ಯವಾಗಿ ಬಳಕೆಗೆ ಬಂದದ್ದು 1950ರ ಸುಮಾರಿನಿಂದ ಈಚೆಗೆ. ನನ್ನ ಮುಂದಿರುವ ರಣಜಿಯು ಹಾಗೆಯೇ ಹೊಳೆದರು.

ಪಟೌಡಿಯ ನವಾಬರ ಚೀಟಿ ಅಸಲಿನದೇ, 1934ರ ಪ್ಲೇಯರ್ಸ್ ಸಂಸ್ಥೆಯ ಮಾಲೆಯದು. ಮಿತ್ರರಿಗೆ ವಿಚಿತ್ರವೆನಿಸಿದ್ದು, ಭಾರತದ ನಾಯಕರೊಬ್ಬರು ಇಂಗ್ಲೆಂಡಿನ ಆಟಗಾರರ ಸಾಲಿನಲ್ಲಿ ಬಂದದ್ದೇಕೆ ಎಂಬುದು. 1932ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ಇಂಗ್ಲೆಂಡಿನ ಪರವಾಗಿ 102 ಓಟಗಳನ್ನು ಗಳಿಸಿದ ನವಾಬರು ಭಾರತದ ನಾಯಕರಾಗಿ ಅದೇ ಇಂಗ್ಲೆಂಡಿಗೆ ಬಂದದ್ದು 1946ರಲ್ಲಿ. ಚೀಟಿಯ ಲೇಖಕನಿಗೆ ಆ ಭವಿಷ್ಯವು ತಿಳಿಯದಿದ್ದುದೇ ಅದರ ಪ್ರಾಚೀನತೆಗೆ ಸಾಕ್ಷಿ.

ಮುಷ್ಟಿಯುದ್ಧದ ಮಲ್ಲನ ಚೀಟಿಯ ಬೆನ್ನಿನ ಮೇಲೆ ಸಿಸರ್ಸ್ ಎಂಬ ಸಿಗರೇಟಿನ ಹೆಸರಿದೆ. ವಿಲ್ಸ್ ಹೆಸರಿನಲ್ಲಿಯೇ ಮಾರಾಟವಾಗುತ್ತಿದ್ದ ಈ ಸಿಗರೇಟು ನಮ್ಮ ದೇಶದ ಪೇಟೆಗಾಗಿ, ವಿಶೇಷವಾಗಿ ಇಲ್ಲಿ ಬೀಡುಬಿಟ್ಟಿದ್ದ ಗೋರಾ ಸಿಪಾಯಿಗಳಿಗಾಗಿ ಬಂದದ್ದು. ಮಲ್ಲರ ಆ ಮಾಲೆ 1911ರ ಸುಮಾರಿನದು. ಬೆಳಗಾವಿಯ ದಂಡಿನ ಠಾಣ್ಯವೂ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯೂ ಸಮೀಪದಲ್ಲಿದ್ದ ಈ ಸೀಮೆಯಲ್ಲಿ ಇಂತಹ ಪಾಕೀಟುಗಳಿಗೆ ಗಿರಾಕಿಗಳ ಕೊರತೆ ಇದ್ದಿರಲಾರದು.

ಕಂತೆಯಲ್ಲಿ ಈಚಿನವೂ ಇವೆ. 1987ರ ರಿಲಯನ್ಸ್ ಕಪ್ಪಿನ ದಿನಗಳ ಹುಡುಗರಿಗೆ ಬಿಗ್ ಫನ್ ಬಬಲ್‌ಗಮ್ಮಿನ ಚೀಟಿಗಳ ಪರಿಚಯವನ್ನು ಮಾಡಿಕೊಡಬೇಕಾದ್ದಿಲ್ಲ: ರನ್ನುಗಳನ್ನೋ ವಿಕೆಟುಗಳನ್ನೋ ಕೂಡಿಸಿ, ಮೊತ್ತ ತುಂಬಿದಾಗ ಅಂಗಡಿಗೆ ಒಯ್ದು ಬಹುಮಾನ ಪಡೆಯುತ್ತಿದ್ದುದರಿಂದ, ಹೆಚ್ಚಿನ ಅಂಕದ ಚೀಟಿಗಳೇ ಇಂದು ದುರ್ಲಭ. ಕನ್ನಡ ನಾಡಿನ ಆಟಗಾರರ ಹಳೆಯ ಚೀಟಿ ಯಾವುದಾದರೂ ಕೈಗೆ ಬಂದರೆ ಒಂದು ನಿಯಮ ಉಪಯೋಗಕ್ಕೆ ಬಂದೀತು. ಗುಂಡಪ್ಪ ವಿಶ್ವನಾಥರು ಟೆಸ್ಟ್ ಆಟಕ್ಕಿಳಿದದ್ದು 1969ರ ನವೆಂಬರಿನಲ್ಲಿ. ಮೈಸೂರು ರಾಜ್ಯವು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅವರನ್ನು ಟೆಸ್ಟ್ ಆಟಗಾರರೆಂದೂ ಮೈಸೂರಿನವರೆಂದೂ ಹೇಳುವ ಚೀಟಿಯ ಕಾಲವು ಈ ನಾಲ್ಕು ವರುಷಗಳ ನಡುವೆ ಬೀಳಬೇಕು.

ಇನ್ನುಳಿದದ್ದು ನಿಜವಾಗಿ ಅಸಾಧಾರಣವಾದ ಒಂದೇ ಚೀಟಿ. ಮುದ್ರಾಪಕರ ಹೆಸರಿಲ್ಲ, ಕ್ರಮಾಂಕವಿಲ್ಲ. ಚೆಂಡನ್ನು ಎಸೆಯುತ್ತಿರುವ ಭಾರತೀಯ ಬೌಲರನ ಚಿತ್ರ, ಕೆಳಗೆ ಪೆನ್ಸಿಲಿನಿಂದ ಬಾಳೂ ಎಂಬ ಹೆಸರು. ಪಾಲವಣಕರ ಬಾಳೂ 1876ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯರೆನಿಸಿದ ಕುಲದ ಈ ಎಡಗೈ ನಿಧಾನ ಬೌಲರು, ಪುಣೆಯ ಕ್ಲಬ್ಬುಗಳಲ್ಲಿ ಮೈದಾನದ ಚಾಕರಿಯಿಂದ ತೊಡಗಿ, ಮುಂಬಯಿಯಲ್ಲಿ ರೇಲ್ವೆಯ ನೌಕರಿ ಹಿಡಿದು, ಪಟಿಯಾಲದ ಮಹಾರಾಜ ಭೂಪಿಂದರ ಸಿಂಹರ ನಾಯಕತ್ವದಲ್ಲಿ 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿದ್ದು ಆ ಪ್ರವಾಸದಲ್ಲಿ 114 ವಿಕೆಟುಗಳನ್ನು ಪಡೆದರು. ಮುಂಬಯಿಯ ಮತವಾರು ಪಂದ್ಯಾವಳಿಯ ಹಿಂದೂ ತಂಡದ ನಾಯಕತ್ವವು ಅವರಿಗೆ ದಕ್ಕಲಿಲ್ಲ. 1923ರಲ್ಲಿ ತಮ್ಮನಾದ ವಿಠಲನಿಗೆ ದಕ್ಕಿತು. ಪ್ರಾಂತಗಳ ಆಟಗಾರರನ್ನೇ ಆಯ್ದು ಪೋಣಿಸುತ್ತಿದ್ದ ಇಂಗ್ಲೆಂಡಿನ ಮಾಲೆಗಳಲ್ಲಿ, ಯಾವ ಪ್ರಾಂತಕ್ಕೂ ಆಡದ ಬಾಳೂಗೆ ಎಡೆಯಿರಲಿಲ್ಲ. ತಂಬಾಕಿನ ವರ್ತಕನು ಪರಾಕ್ರಮವನ್ನಲ್ಲ, ಪೇಟೆಯನ್ನು ಎಣಿಸುತ್ತಿದ್ದನು. ರಾಜಕುಮಾರರಿಬ್ಬರ ಚೀಟಿಗಳನ್ನು ನೋಡಿ ಅಂದಿನ ಭಾರತೀಯ ಕ್ರಿಕೆಟ್ಟೆಂದರೆ ಅರಮನೆಯ ಆಟವೆಂದು ಬಗೆಯುವವರು ಇದನ್ನು ನೆನಪಿನಲ್ಲಿಡಬೇಕು.

ಆದರೆ ಧಾರವಾಡದ ಅಭಿಮಾನವೊಂದೇ ಪ್ರಮಾಣವಾಗದು. ಚಿತ್ರದಲ್ಲಿರುವ ಬೌಲರನು ಬಲಗೈಯವನು. ಅಚ್ಚುಕೂಟದಲ್ಲಿ ಚಿತ್ರವು ಮಗುಚಿ ಬಿದ್ದು ಎಡವು ಬಲವಾದ ಉದಾಹರಣೆಗಳು ಹೇರಳವಾಗಿರುವುದರಿಂದ ಇಷ್ಟಕ್ಕೇ ಬಾಳೂವನ್ನು ತಳ್ಳಿಹಾಕಲಾಗದೆಂದು ಅಂಗಿಯ ಗುಂಡಿಪಟ್ಟಿಯನ್ನು ನೋಡಿದೆ. ಗಂಡಸರ ಅಂಗಿಯಲ್ಲಿ ಎಡಮಗ್ಗುಲ ಪಟ್ಟಿಯು ಬಲಮಗ್ಗುಲ ಪಟ್ಟಿಯ ಮೇಲೆ ಬರುತ್ತದೆ; ಚಿತ್ರ ಮಗುಚಿದ್ದರೆ ಇದೂ ಮಗುಚಬೇಕಾಗಿತ್ತು, ಮಗುಚಿಲ್ಲ. ಹೀಗಾಗಿ ಇವನು ಬಾಳೂ ಅಲ್ಲ.

ಮೂಲೆಯೊಂದು ಎದ್ದಿದ್ದುದರಿಂದ ಒಳಗಿನ ಸಂಗತಿಯೂ ಹೊರಬಿತ್ತು. ಚಿತ್ರದ ಕಾಗದ ತೆಳುವಾದದ್ದು, ಅದರ ಹಿಂಬದಿಯಲ್ಲಿ ಮರಾಠಿ ಅಕ್ಷರಗಳ ಅರ್ಧರ್ಧ ಸಾಲುಗಳು; ಅಂದರೆ ಪತ್ರಿಕೆಯೊಂದರಿಂದ ಕತ್ತರಿಸಿದ ಚಿತ್ರ. ಅದನ್ನು ಹಿಟ್ಟಿನ ಸರಿಯಿಂದ ಅಂಟಿಸಿರುವುದು ಸಿಗರೇಟು ಪಾಕೀಟಿನ ರಟ್ಟಿಗೆ, ಆ ರಟ್ಟಿನ ಮೇಲೆ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಎಂಬ ಹೆಸರಿನ ತುಣುಕು. ಕಲಕತ್ತೆಯಲ್ಲಿ 1910ರಲ್ಲಿ ಸ್ಥಾಪಿತವಾಗಿ 1913ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆದ ಆ ಕಂಪನಿಯು 1970ರಲ್ಲಿ ಹೆಸರನ್ನು ಬದಲಿಸಿಕೊಂಡಿತು. ಯಾವ ಕಂಪನಿಯೂ ಪ್ರಕಟಿಸದ ಚೀಟಿಯನ್ನು ಆಟದ ಹುಚ್ಚಿದ್ದವನೊಬ್ಬನು ತಾನೇ ತಯಾರಿಸಿ, ತನಗೆ ಬೇಕಾದ ಹೆಸರನ್ನು ಅದಕ್ಕೆ ಕೊಟ್ಟಿದ್ದಾನೆ. ಪೆನ್ಸಿಲಿನ ಬರಹವನ್ನು ಅಳಿಸಬಾರದು, ಎದ್ದ ಮೂಲೆಯನ್ನು ಮತ್ತೆ ಅಂಟಿಸಲೂಬಾರದು. ಸೂಚಿಯಲ್ಲಿ ಇದನ್ನು ಕೈತಯಾರಿಕೆಯ ಚೀಟಿಯೆಂದು ಬೇರೆ ವರ್ಗದಲ್ಲಿ ನಮೂದಿಸಿ, ರಟ್ಟಿನ ಕಾಲವನ್ನು 1910 ಮತ್ತು 1970ರ ನಡುವಣದೆಂದೂ, ಬಾಳೂ ಎಂಬುದನ್ನು ಚಿತ್ರದ ಹೆಸರೆಂದಲ್ಲದೆ ತಯಾರಿಸಿದವನ ಬರಹವೆಂದೂ ತೋರಿಸುವುದು ಯುಕ್ತ.