ಕಿಯೂ ಚಿನ್
(ಜನನ 1937) ವಿಯೆಟ್ನಾಮಿನ ಚಲನಚಿತ್ರ ನಟಿ. 1975ರ ನಂತರ ಅಮೆರಿಕದಲ್ಲಿ ನೆಲೆಸಿದವರು. ಹುಟ್ಟಿದ್ದು ಹನೋಯ್‌ನಲ್ಲಿ. 1954ರಲ್ಲಿ ದೇಶ ಇಬ್ಭಾಗವಾದಾಗ ತಂದೆಯನ್ನು ಅಗಲಿ ದಕ್ಷಿಣಕ್ಕೆ ಬಂದರು. ಮತ್ತೆ ಅವರನ್ನು ಕಾಣಲಾಗಲಿಲ್ಲ. 1957ರಲ್ಲಿ ಚಿತ್ರರಂಗ ಪ್ರವೇಶಿಸಿ ಸೈಗಾನ್‌ನ ಅಗ್ರತಾರೆಯಾದರು. ದೇವ್ ಆನಂದ್ ಜೊತೆ 'ದಿ ಈವಿಲ್ ವಿದಿನ್' (1970) ಚಿತ್ರದಲ್ಲೂ ನಟಿಸಿದ್ದಾರೆ. ಸೈಗಾನ್ ಪತನದ ವೇಳೆ ನಿರಾಶ್ರಿತರಾಗಿ ಕೆನಡಾ ಸೇರಿದರು. ನಟಿ ಟಿಪ್ಪಿ ಹೆಡ್ರೆನ್ ನೆರವಿನಿಂದ ಅಮೆರಿಕಕ್ಕೆ ಬಂದು ವೃತ್ತಿಯನ್ನು ಮೊದಲಿನಿಂದ ಕಟ್ಟಿಕೊಂಡರು. 'ದಿ ಜಾಯ್ ಲಕ್ ಕ್ಲಬ್' (1993) ಚಿತ್ರದ ಸುಯುವಾನ್ ಇವರ ಶ್ರೇಷ್ಠ ಪಾತ್ರ: ಯುದ್ಧಕ್ಕೆ ಬೆದರಿ ಊರು ಬಿಟ್ಟವಳು, ಕಾಲು ಸೋತು ಅವಳಿ ಹಸುಗೂಸುಗಳನ್ನು ದಾರಿಬದಿಯ ಮರದಡಿ ಬಿಟ್ಟು ಹೋಗುವ ತಾಯಿ. ಎರಡು ಸಲ ನೆಲೆ ಕಳೆದುಕೊಂಡಿದ್ದ ನಟಿಯಿಂದ ಆ ದೃಶ್ಯಕ್ಕೆ ಅಪೂರ್ವ ತೂಕ ಬಂದಿದೆ. ವಿಯೆಟ್ನಾಮಿನಲ್ಲಿ ಶಾಲೆಗಳನ್ನು ಕಟ್ಟಿಸುವ 'ವಿಯೆಟ್ನಾಂ ಚಿಲ್ಡ್ರನ್ಸ್ ಫಂಡ್' ಸ್ಥಾಪಕರಲ್ಲಿ ಒಬ್ಬರು. 2024ರ 'ದಿ ಸಿಂಪಥೈಸರ್' ಕಿರುಸರಣಿಯಲ್ಲೂ ಅಭಿನಯಿಸಿದ್ದಾರೆ.