ಇಲಿ ಬಿದ್ದ ಮನೆ

1898ರ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕ ಮೇಲೆ ಮೈಸೂರು ಸಂಸ್ಥಾನದ ಊರುಗಳಲ್ಲಿ ಒಂದು ಹೊಸ ಆಚಾರ ಬೇರೂರಿತು. ಅಟ್ಟದಿಂದಲೋ ಕಣಜದ ಮಗ್ಗುಲಿನಿಂದಲೋ ಇಲಿಯೊಂದು ತತ್ತರಿಸುತ್ತ ಹೊರಬಂದು, ಮನುಷ್ಯರ ಕಾಲಸಪ್ಪಳಕ್ಕೂ ಬೆದರದೆ ನಡುಮನೆಯಲ್ಲಿ ಉರುಳಿ ಸತ್ತಿತೆಂದರೆ, "ಇಲಿ ಬಿತ್ತು" ಎಂಬ ಸುದ್ದಿ ಕೇರಿಯಿಂದ ಕೇರಿಗೆ ಹಬ್ಬುತ್ತಿತ್ತು. ಜನ ಪಾತ್ರೆಪದಾರ್ಥಗಳನ್ನು ಗಾಡಿಗೆ ಹೇರಿ, ದನಕರುಗಳನ್ನು ಹೊಡೆದುಕೊಂಡು, ಊರಾಚೆಯ ಹೊಲಗಳಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು ಬೇನೆ ಇಳಿಯುವವರೆಗೂ ಅಲ್ಲಿಯೇ ವಾಸಿಸುತ್ತಿದ್ದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುದಕ್ಕೆ ಈ ಭಯವೂ ಒಂದು ಕಾರಣ. ಇದನ್ನು ಅಂಧಭೀತಿಯೆಂದು ತಳ್ಳಿಹಾಕುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಶರೀರವು ತಾನಾಗಿ ಕೊಡಲಾರದಿದ್ದ ಎಚ್ಚರಿಕೆಯನ್ನು ಆ ಸತ್ತ ಇಲಿಯು ಕೊಡುತ್ತಿತ್ತು.

ರೋಗಾಣುವೊಂದು ಒಳಹೊಕ್ಕಾಗ ಅದರ ಹೊರಪೊರೆಯ ಕೊಬ್ಬಿನ ಅಂಶವನ್ನು ಗುರುತಿಸಿ ತಳವಾರನು ಡಂಗುರ ಸಾರುವಂತೆ ಸುದ್ದಿಯನ್ನೆಬ್ಬಿಸುವುದು ನಮ್ಮ ಜೀವಕೋಶಗಳ ಸಹಜಧರ್ಮ. ಪ್ಲೇಗಿನ ಅಣುವಾದರೋ, ಇಲಿಯಿಂದ ಮನುಷ್ಯನಿಗೆ ಅದನ್ನು ದಾಟಿಸುವ ಚಿಗಟದ ತಣ್ಣನೆಯ ಒಡಲಿನಲ್ಲಿ ಸುಮಾರು 26 ಡಿಗ್ರಿ ಶಾಖದಲ್ಲಿದ್ದಾಗ ಆರು ಎಳೆಗಳ ಕೊಬ್ಬನ್ನು ಹೊತ್ತಿದ್ದುದು, ಮನುಷ್ಯನ 37 ಡಿಗ್ರಿಯ ರಕ್ತವನ್ನು ಸೇರಿದೊಡನೆ ಅದನ್ನು ಬಹುಮಟ್ಟಿಗೆ ನಾಲ್ಕೆಳೆಗೆ ಇಳಿಸಿಬಿಡುತ್ತದೆ. ಟಿಎಲ್‌ಆರ್-4 ಎಂಬ ಗ್ರಾಹಕಕ್ಕೆ ಆಗ ಅದರ ಗುರುತೇ ಹತ್ತುವುದಿಲ್ಲ. ಅಷ್ಟಕ್ಕೇ ತೃಪ್ತಿಪಡದೆ, ಸೂಕ್ಷ್ಮವಾದ ಸೂಜಿಯೊಂದರ ಮೂಲಕ ಯಾಪ್ ಎಂಬ ಪ್ರೋಟೀನುಗಳನ್ನು ರಕ್ಷಕ ಕೋಶಗಳೊಳಕ್ಕೆ ನೂಕಿ, ಸಂಕೇತವನ್ನು ಒಂದು ಕಿಣ್ವದಿಂದ ಮತ್ತೊಂದಕ್ಕೆ ದಾಟಿಸುವ ಸರಪಣಿಯನ್ನೇ ಕತ್ತರಿಸುತ್ತದೆ. ತೊಡೆಯ ಸಂದಿನಲ್ಲಿ ಗಡ್ಡೆ ಕಾಣಿಸಿಕೊಂಡು ಜ್ವರವೇರುವ ಹೊತ್ತಿಗೆ ಅಣುಗಳು ಅಸಂಖ್ಯವಾಗಿ ಬೆಳೆದಿರುತ್ತವೆ.

ಇದಾವುದೂ ತಿಳಿಯದಿದ್ದ ಕಾಲದಲ್ಲಿ, ಒಡೆಸ್ಸಾದಲ್ಲಿ ಜೀವವಿಜ್ಞಾನಿ ಮೆಚ್ನಿಕಾಫನ ಶಿಷ್ಯನಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕುಳಿತು ಕೈಗೊಂಡ ಪ್ಲೇಗು ಲಸಿಕೆಯ ಕೆಲಸವನ್ನು ನೆನೆದಾಗ ಗೌರವ ಉಕ್ಕುತ್ತದೆ. ಮಾಂಸದ ತಿಳಿಸಾರಿನ ಮೇಲೆ ಆತನು ತುಪ್ಪದ ಹನಿಗಳನ್ನು ತೇಲಬಿಡುತ್ತಿದ್ದನು. ಹನಿಗಳ ತಳಕ್ಕೆ ಅಂಟಿ ಬೆಳೆದ ಅಣುಗಳು ತೊಂಗಲು ತೊಂಗಲಾಗಿ ಇಳಿಬೀಳುತ್ತಿದ್ದವು. ಸೀಸೆಯನ್ನು ಕುಲುಕಿದರೆ ಅವೆಲ್ಲ ಉದುರಿ ಮತ್ತೆ ಹೊಸ ಬೆಳೆ. ಹೀಗೆ ವಾರಗಟ್ಟಲೆ ಬೆಳೆಸಿ, ಕಾಯಿಸಿ ಕೊಂದ ಆ ರಸವನ್ನು 1897ರ ಜನವರಿ 10ರಂದು ಮೊದಲು ಚುಚ್ಚಿಕೊಂಡುದು ತನ್ನ ಮೈಗೇ. ಸತ್ತ ಅಣುವಿಗೆ ಸೂಜಿಯನ್ನು ನಾಟುವ ಶಕ್ತಿಯಿಲ್ಲ. ಆದುದರಿಂದ ಶರೀರವು ಅದನ್ನು ನಿರಾತಂಕವಾಗಿ ಪರಿಚಯಮಾಡಿಕೊಳ್ಳಬಲ್ಲದಾಯಿತು. ಆ ರಕ್ಷಣೆ ಪೂರ್ಣವಾದುದಲ್ಲ, ಬಹುಕಾಲ ನಿಲ್ಲುವುದೂ ಅಲ್ಲ. ಆದರೂ ಲಕ್ಷಾಂತರ ಜನ ಅದಕ್ಕೆ ತೋಳೊಡ್ಡಿದರು.

ಜೀವಂತ ಅಣುವೇ ತನ್ನ ಗುರುತನ್ನು ಮರೆಸಿಕೊಳ್ಳಲಾರದೆ ಹೋದರೆ ಏನಾದೀತು? 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿಜ್ಞಾನಿಗಳು ಪ್ಲೇಗಿನ ಅಣುವಿಗೆ ಬೇರೊಂದು ಬ್ಯಾಕ್ಟೀರಿಯದ ಜೀನನ್ನು ಸೇರಿಸಿ, 37 ಡಿಗ್ರಿಯಲ್ಲಿಯೂ ಆರೆಳೆಯ ಕೊಬ್ಬನ್ನೇ ತಯಾರಿಸುವಂತೆ ಮಾಡಿದರು. ಸೂಜಿಯೂ ವಿಷಗಳೂ ಇದ್ದಂತೆಯೇ ಇದ್ದರೂ ಅದಕ್ಕೆ ಪ್ರಯೋಗದ ಸುಂಡಿಲಿಗಳನ್ನು ಕೊಲ್ಲಲಾಗಲಿಲ್ಲ. ಬದುಕುಳಿದ ಸುಂಡಿಲಿಗಳನ್ನು ಅನಂತರ ನಿಜವಾದ ಪ್ಲೇಗೂ ಕೊಲ್ಲಲಿಲ್ಲ.