ಹೊಸ್ತಿಲು ದಾಟುವ ತಿಂಡಿ: ಕೆನರಾ ಕ್ಯಾಥೋಲಿಕರ ಕುಸ್ವಾರಿನ ಚರಿತ್ರೆ

ಡಿಸೆಂಬರ್ ನಡುವಿನ ಹೊತ್ತಿಗೆ ಮಂಗಳೂರು, ಉಡುಪಿ, ಹೊನ್ನಾವರ ಸೀಮೆಯ ಕೊಂಕಣಿ ಕ್ಯಾಥೋಲಿಕ್ ಮನೆಗಳಲ್ಲಿ ಎಣ್ಣೆಯ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಎಳ್ಳುಂಡೆ, ತುಕ್ಡಿ ಹೀಗೆ ಹಲವು ಬಗೆಯ ತಿಂಡಿಗಳು ಡಬ್ಬಿ ತುಂಬುತ್ತವೆ. ಇವೆಲ್ಲಕ್ಕೂ ಸೇರಿ ಇರುವ ಹೆಸರು ಕುಸ್ವಾರ್. ಕ್ರಿಸ್ಮಸ್ ಹತ್ತಿರವಾದಂತೆ ಈ ತಿಂಡಿಗಳನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ನೆಂಟರಿಗೂ ನೆರೆಯವರಿಗೂ ಕಳಿಸುತ್ತಾರೆ. ನೆರೆಯವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಈ ಪದ್ಧತಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಪೋರ್ಚುಗೀಸರು ಗೋವೆಗೆ ತಂದದ್ದು, ಅಲ್ಲಿಂದ ವಲಸೆ ಬಂದವರು ಕೆನರಾಕ್ಕೆ ತಂದರು ಎನ್ನುವುದು ಒಂದು. ಮತಾಂತರದ ಬಳಿಕವೂ ಉಳಿದುಕೊಂಡ ಹಳೆಯ ಹಿಂದೂ ಹಬ್ಬದಡುಗೆಯ ಪಳೆಯುಳಿಕೆ ಎನ್ನುವುದು ಇನ್ನೊಂದು. ಎರಡೂ ಉತ್ತರಗಳು ಪಾಕವಿಧಾನದ ಮೂಲವನ್ನು ಹುಡುಕುತ್ತವೆ. ಆದರೆ ಕುಸ್ವಾರಿನ ಚರಿತ್ರೆಯನ್ನು ತಿಂಡಿಯ ಮೂಲದಲ್ಲಿ ಹುಡುಕುವುದಕ್ಕಿಂತ ತಿಂಡಿಯ ನಡೆಯಲ್ಲಿ, ಅಂದರೆ ಅದು ಯಾರ ಹೊಸ್ತಿಲನ್ನು ಹೇಗೆ ದಾಟಿತು ಎಂಬಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಮೊದಲು ಹೆಸರನ್ನು ನೋಡೋಣ. ಕುಸ್ವಾರ್ ಎಂಬುದು ಪೋರ್ಚುಗೀಸಿನ ‘ಕೊನ್ಸುವಾದ’ ಎಂಬ ಪದದ ಕೊಂಕಣಿ ರೂಪ, ಇದರಲ್ಲಿ ವಿವಾದವಿಲ್ಲ. ಆ ಪದದ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದರ ಅರ್ಥ ಸಾಂತ್ವನ ಹೇಳುವುದು. ಪೋರ್ಚುಗಲ್ಲಿನಲ್ಲಿ ಅದು ಉಪವಾಸದ ದಿನ ರಾತ್ರಿ ತೆಗೆದುಕೊಳ್ಳುವ ಲಘು ಆಹಾರಕ್ಕೆ ಹೆಸರಾಯಿತು. ಹಸಿದ ಹೊಟ್ಟೆಗೆ ಒಂದಿಷ್ಟು ಸಮಾಧಾನ, ಅಷ್ಟೆ. ಕ್ರಿಸ್ಮಸ್ಸಿನ ಹಿಂದಿನ ದಿನ ಚರ್ಚಿನ ಕಟ್ಟಳೆಯಂತೆ ಉಪವಾಸದ ದಿನವಾದ್ದರಿಂದ ಆ ರಾತ್ರಿಯ ಊಟಕ್ಕೇ ಈ ಹೆಸರು ನಿಂತಿತು. ಇಂದಿಗೂ ಪೋರ್ಚುಗಲ್ಲಿನಲ್ಲಿ ಕೊನ್ಸುವಾದ ಎಂದರೆ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ಊಟ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು, ಆಲೂಗಡ್ಡೆ, ಎಲೆಕೋಸು ಅದರ ಮುಖ್ಯ ಪದಾರ್ಥಗಳು. ಕ್ರಿಸ್ಮಸ್ಸಿನ ಕೊಡುಗೆ ಎಂಬ ಅರ್ಥವೂ ಆ ಪದಕ್ಕೆ ಅಲ್ಲಿಯೇ ಅಂಟಿಕೊಂಡಿತ್ತು. ಗೋವೆಗೆ ಬಂದಾಗ ಊಟದ ಅರ್ಥ ಹಿಂದೆ ಸರಿದು ಕೊಡುಗೆಯ ಅರ್ಥ ಮುಂದೆ ಬಂತು. ಕೆನರಾದಲ್ಲಿ ಊಟದ ಅರ್ಥ ಪೂರ್ತಿ ಅಳಿಯಿತು. ಮನೆಯಿಂದ ಹೊರಗೆ ಹೋಗುವ ತಿಂಡಿಗೆ ಮಾತ್ರ ಆ ಹೆಸರು ಉಳಿಯಿತು. ಒಳಗೆ ಕೂತು ಉಣ್ಣುವುದನ್ನು ಹೇಳುತ್ತಿದ್ದ ಪದ ಹೊರಗೆ ಕೊಂಡೊಯ್ದು ಕೊಡುವುದನ್ನು ಹೇಳತೊಡಗಿದ್ದು ಸಣ್ಣ ಬದಲಾವಣೆಯಲ್ಲ. ಪೋರ್ಚುಗೀಸ್ ಮೂಲವನ್ನಷ್ಟೇ ಹಿಡಿದು ಮಾತಾಡುವವರಿಗೆ ಈ ತಿರುವು ಕಾಣುವುದಿಲ್ಲ.

ಈಗ ತಟ್ಟೆಯೊಳಗೆ ಇಣುಕಿದರೆ ಒಂದೇ ಮೂಲದ ವಾದ ಇನ್ನಷ್ಟು ಸಡಿಲವಾಗುತ್ತದೆ. ನೆವ್ರಿ ಎಂದರೆ ಕನ್ನಡಿಗರ ಕರ್ಜಿಕಾಯಿ, ಮರಾಠಿಗರ ಕರಂಜಿ. ಗೋವೆಯ ಹಿಂದೂ ಮನೆಗಳಲ್ಲಿ ಗಣೇಶ ಚೌತಿಗೆ ಇದೇ ಹೆಸರಿನ ಇದೇ ತಿಂಡಿ ಆಗಲೇಬೇಕು. ಚಕ್ಕುಲಿಯಿಲ್ಲದೆ ಉಡುಪಿಯ ಕೃಷ್ಣಾಷ್ಟಮಿ ಇಲ್ಲ. ಎಳ್ಳುಂಡೆಗೆ ಸಂಕ್ರಾಂತಿಯ ನೆನಪಿದೆ. ಅಕ್ಕಿ ಹಿಟ್ಟು, ತೆಂಗಿನಹಾಲು, ಬೆಲ್ಲದ ಗುಳಿಯೊ ಕರಾವಳಿಯ ಗದ್ದೆ ತೋಟಗಳಿಂದಲೇ ಎದ್ದು ಬಂದಂಥದ್ದು. ಹುಳುವಿನಾಕಾರಕ್ಕೆ ಸುತ್ತಿ ಕರಿಯುವ ಕಿಡಿಯೊ, ಹೆಸರಿನಲ್ಲಿ ಅಚ್ಚ ಕೊಂಕಣಿ. ಆದರೆ ಕ್ರಿಸ್ಮಸ್ಸಿಗೆ ಹಿಟ್ಟು ಕರಿದು ಸಕ್ಕರೆ ಹಾಕುವ ಪೋರ್ಚುಗೀಸರ ಫಿಲ್ಯೋಸ್ ತಿಂಡಿಗೂ ಅದಕ್ಕೂ ಹೋಲಿಕೆಯಿದೆ. ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ಕೊಕ್ಕಿಸಾಂ ಕೇರಳದಲ್ಲಿ ಅಚ್ಚಪ್ಪಂ ಆಗಿದೆ, ಶ್ರೀಲಂಕಾದಲ್ಲಿ ಕೊಕಿಸ್ ಆಗಿದೆ. ಸಿಂಹಳದ ಆ ಹೆಸರನ್ನು ಡಚ್ಚರ ಮಾತಿಗೆ ಜೋಡಿಸುತ್ತಾರೆ. ಕೆಲವರು ತಟ್ಟೆಗೆ ಸೇರಿಸುವ ಗೋಡಂಬಿಯ ಮಿಠಾಯಿಯಲ್ಲಿ ಗೋಡಂಬಿ ಬ್ರೆಜಿಲ್ಲಿನದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಪ್ಲಮ್ ಕೇಕ್ ಇಂಗ್ಲಿಷರ ಕಾಲದ ಸೇರ್ಪಡೆ. ಹಾಗಾಗಿ ಇದನ್ನು ಪೋರ್ಚುಗೀಸ್ ಎನ್ನುವುದೂ ತಪ್ಪು, ಹಿಂದೂ ಪಳೆಯುಳಿಕೆ ಎನ್ನುವುದೂ ತಪ್ಪು. ಪಳೆಯುಳಿಕೆ ಎಂಬ ಮಾತಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಎಳ್ಳುಂಡೆ ಮಾಡುವ ಕ್ರೈಸ್ತ ಗೃಹಿಣಿ ಮರೆತ ಧರ್ಮವನ್ನು ಕದ್ದುಮುಚ್ಚಿ ನೆನೆಯುತ್ತಿದ್ದಾಳೆ ಎಂಬ ಧ್ವನಿ ಅದರಲ್ಲಿದೆ. ಎಳ್ಳು ಬೆಲ್ಲ ಕರಾವಳಿಯ ಹೊಲದ್ದು, ಗಾಣದ್ದು. ಅದರ ಮೇಲೆ ಯಾವ ಮತಕ್ಕೂ ಗುತ್ತಿಗೆಯಿಲ್ಲ.

ಇಷ್ಟು ಬೇರೆ ಬೇರೆ ಕಡೆಯ ತಿಂಡಿಗಳು ಒಂದೇ ತಟ್ಟೆಯಲ್ಲಿ ಯಾಕೆ ಕೂಡಿದವು? ಅವುಗಳಿಗೆ ಸಮಾನವಾದ ಗುಣವೊಂದನ್ನು ಗಮನಿಸಬೇಕು. ಬಹುಪಾಲು ಎಲ್ಲವೂ ಒಣ ತಿಂಡಿಗಳು, ಎಣ್ಣೆಯಲ್ಲಿ ಕರಿದವು ಅಥವಾ ಬೆಲ್ಲದ ಪಾಕದಲ್ಲಿ ಕಟ್ಟಿದವು. ವಾರಗಟ್ಟಲೆ ಕೆಡುವುದಿಲ್ಲ, ಕೈಯಿಂದ ಕೈಗೆ ಹೋದರೆ ಚೆಲ್ಲುವುದಿಲ್ಲ, ಒಂದರಲ್ಲೂ ಮಾಂಸವಿಲ್ಲ. ಅದೇ ಮನೆಯ ಕ್ರಿಸ್ಮಸ್ ಊಟವೋ? ಹಬೆಯಲ್ಲಿ ಬೇಯಿಸಿದ ಸನ್ನಾಂ, ಹಂದಿ ಮಾಂಸದ ಪದಾರ್ಥ, ಕೋಳಿ. ಆ ಊಟ ಮನೆಯೊಳಗೇ, ಬಂದ ನೆಂಟರ ಜೊತೆಗೇ ಮುಗಿಯುತ್ತದೆ. ಒಂದೇ ಅಡುಗೆಮನೆ ಹೀಗೆ ಎರಡು ಬಗೆಯ ಆಹಾರವನ್ನು ಮಾಡುತ್ತದೆ: ಒಂದು ಒಳಗಿನವರಿಗೆ, ಇನ್ನೊಂದು ಹೊರಗಿನವರಿಗೆ. ಈ ಭೇದ ಕರಾವಳಿಯ ಮಡಿ ಮುಸುರೆಯ ಲೋಕವನ್ನು ಬಲ್ಲವರು ಮಾಡಿಕೊಂಡದ್ದು. ಬೇಯಿಸಿದ ಅನ್ನ ಮುಸುರೆ, ಅದು ಜಾತಿಯ ಗೆರೆ ದಾಟದು. ಕರಿದ ತಿಂಡಿಗೆ, ಹುರಿದ ಕಾಳಿಗೆ, ಬೆಲ್ಲಕ್ಕೆ ಅಷ್ಟು ಬಿಗಿಯಿಲ್ಲ. ಹಳೆ ಮೈಸೂರಿನ ಸಂಕ್ರಾಂತಿಯಲ್ಲಿ ಮನೆ ಮನೆಗೆ ಬೀರುವ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಕೂಡ ಇದೇ ತರ್ಕದವು. ಯಾರ ಮನೆಯ ಒಲೆ ಎಂದು ಕೇಳಬೇಕಾಗದಂಥವು. ಮಡಿವಂತರ ಎಷ್ಟೋ ಮನೆಗಳು ಕರಿದ ತಿಂಡಿಯನ್ನೂ ಒಲ್ಲೆ ಎನ್ನುತ್ತಿದ್ದವೆಂಬುದು ನಿಜ. ಅಂಥ ಕಡೆಗೆ ಬಾಳೆಗೊನೆಯೋ ತೆಂಗಿನಕಾಯಿಯೋ ಹೋಗುತ್ತಿತ್ತು. ಕಿಡಿಯೊ, ಕೊಕ್ಕಿಸಾಂ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ, ಹಾಗಿರುವಾಗ ಇದು ನೆರೆಯವರಿಗೆಂದೇ ರೂಪುಗೊಂಡದ್ದು ಹೇಗೆ ಎಂದು ಕೇಳಬಹುದು. ಮೊಟ್ಟೆ ಹಾಕದೆ ಮಾಡುವ ಮನೆಗಳೂ ಇವೆ, ಎರಡೂ ಒಂದೇ ಹೆಸರಿನಲ್ಲಿ ನಡೆಯುತ್ತವೆ ಎಂಬುದೇ ಉತ್ತರ. ತಿಂಡಿ ಕೆಡದಂತೆ ಒಂದು ಪದಾರ್ಥವನ್ನು ಬಿಡಬಲ್ಲ ಸಡಿಲು ಈ ಪಾಕಗಳಿಗಿದೆ. ಇದೇ ಸಮುದಾಯ ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬ ಕುಸ್ವಾರಿಗೆ ಒಳ್ಳೆಯ ಜೋಡಿ. ಮಕ್ಕಳು ಒಂಬತ್ತು ದಿನ ಹೂವು ಅರ್ಪಿಸಿದ ಮೇಲೆ ಮೇರಿ ಮಾತೆಯ ಜನ್ಮದಿನದಂದು ಹೊಸ ಭತ್ತದ ತೆನೆಗೆ ಚರ್ಚಿನಲ್ಲಿ ಆಶೀರ್ವಾದವಾಗುತ್ತದೆ, ಮನೆಯವರೆಲ್ಲ ಹೊಸ ಅಕ್ಕಿಯ ಕಾಳನ್ನು ಹಂಚಿಕೊಳ್ಳುತ್ತಾರೆ, ಅಂದಿನ ಊಟ ಪೂರ್ತಿ ಸಸ್ಯಾಹಾರ. ತುಳುನಾಡಿನ ಕುರಲ್ ಪರ್ಬವನ್ನು ಬಲ್ಲವರಿಗೆ ಈ ಹೊಸ ತೆನೆಯ ಹಬ್ಬ ಅಪರಿಚಿತವಲ್ಲ. ಆದರೆ ಮೊಂತಿಯ ತೆನೆ ಕುಟುಂಬದವರನ್ನೇ ಕೂಡಿಸುವಂಥದ್ದು, ದೂರದಲ್ಲಿರುವ ಮಗನಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಹೋಗುತ್ತವೆ. ಕುಸ್ವಾರ್ ಬೀದಿಯ ಕಡೆ ಮುಖ ಮಾಡಿದ್ದು.

ಹೀಗೆ ಬೀದಿಗೆ ಮುಖ ಮಾಡಲು ರಾಜಕೀಯ ಕಾರಣವೂ ಇತ್ತು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯ ನೆಲೆಗೊಂಡಿತು, ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ 1812ರವರೆಗೂ ಇತ್ತು. ಹೊಸ ಕ್ರೈಸ್ತರು ಹಿಂದೂ ಬಂಧುಗಳ ಜೊತೆ ಬೆರೆಯುವುದೇ ಅದಕ್ಕೆ ಅನುಮಾನದ ವಿಷಯ. 1736ರ ಅದರ ಆಜ್ಞೆಯನ್ನು ಎ. ಕೆ. ಪ್ರಿಯೋಳ್ಕರ್ 1961ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಮದುವೆಯಲ್ಲಿ ವೀಳ್ಯ, ಅಡಕೆ, ಹೂವು ಕೊಟ್ಟು ತೆಗೆದುಕೊಳ್ಳುವುದು, ಉಪ್ಪಿಲ್ಲದೆ ಅನ್ನ ಬೇಯಿಸಿ ಬಳಿಕ ಉಪ್ಪು ಬೆರೆಸುವುದು, ಪುಡ್ವೆ ಎಂಬ ಧೋತರ ಉಡುವುದು, ಇವೂ ಅಪರಾಧಗಳ ಪಟ್ಟಿಯಲ್ಲಿದ್ದವು. ಅನ್ನದ ಪಾತ್ರೆಗೆ ಉಪ್ಪು ಯಾವಾಗ ಬೀಳುತ್ತದೆ ಎಂಬುದನ್ನೂ ಕಾಯುವ ಆಡಳಿತದ ಕೆಳಗೆ ಹಿಂದೂ ನೆರೆಮನೆಗೆ ಹಬ್ಬದ ತಟ್ಟೆ ಕಳಿಸುವುದು ಹಗುರವಾದ ಕೆಲಸವಾಗಿರಲಾರದು. ಈ ಭಯ, 1570ರ ಸುಮಾರಿನ ಬಿಜಾಪುರದ ದಾಳಿ, 1683ರ ಮರಾಠರ ದಾಳಿ, ಕ್ಷಾಮ, ತೆರಿಗೆ ಎಲ್ಲವೂ ಸೇರಿ ಗೋವೆಯ ಕ್ರೈಸ್ತರನ್ನು ಅಲೆ ಅಲೆಯಾಗಿ ದಕ್ಷಿಣಕ್ಕೆ ತಳ್ಳಿದವು. ಅವರು ಬಂದದ್ದು ಕೆಳದಿ ನಾಯಕರ ರಾಜ್ಯಕ್ಕೆ. ಗದ್ದೆ ಮಾಡಬಲ್ಲ ಕೈಗಳು ಆ ಅರಸರಿಗೆ ಬೇಕಿದ್ದವು. 17ನೇ ಶತಮಾನದ ಕೊನೆಗೆ ಕಲ್ಯಾಣಪುರದಲ್ಲಿಯೂ ಮಂಗಳೂರಿನಲ್ಲಿಯೂ ಮಿಲಾಗ್ರಿಸ್ ಹೆಸರಿನ ಇಗರ್ಜಿಗಳು ಎದ್ದವು. ಇಲ್ಲಿ ಗೋವೆಯ ಚರ್ಚಿಗೆ ಧಾರ್ಮಿಕ ಅಧಿಕಾರ ಇತ್ತು, ಆದರೆ ಮನೆಯ ಬಾಗಿಲು ತಟ್ಟಿ ಶಿಕ್ಷಿಸುವ ಬಲವಿರಲಿಲ್ಲ. ಜೈನ, ಬಂಟ, ಬ್ರಾಹ್ಮಣ, ಬ್ಯಾರಿ, ಬಿಲ್ಲವರ ನಡುವೆ ಅಲ್ಪಸಂಖ್ಯಾತರಾಗಿ ನೆಲೆ ನಿಂತವರಿಗೆ ನೆರೆಯವರ ಒಲವು ಬದುಕಿನ ಅಗತ್ಯವಾಗಿತ್ತು. ಪೋರ್ಚುಗೀಸ್ ಹೆಸರಿನ ಕೊಡುಗೆ ಮತದ ಗಡಿ ದಾಟುವ ಕೊಡುಗೆಯಾದದ್ದು ಈ ನೆಲದಲ್ಲಿ ಎಂದು ನಾನು ತಿಳಿಯುತ್ತೇನೆ. ಗೋವೆಯಲ್ಲಿಯೂ ಇಂದು ಹಿಂದೂಗಳು ಚೌತಿಗೆ, ಕ್ರೈಸ್ತರು ಕ್ರಿಸ್ಮಸ್ಸಿಗೆ ತಿಂಡಿ ಹಂಚಿಕೊಳ್ಳುತ್ತಾರಲ್ಲ ಎಂಬ ಆಕ್ಷೇಪ ಸಹಜ. ಹೌದು, ಅದು ಈ ವಾದವನ್ನು ಕೆಡಿಸುವುದಿಲ್ಲ. ಕಾವಲು ಎದ್ದುಹೋದ ಮೇಲೆ ಜನ ಎರಡೂ ಕಡೆ ಒಂದೇ ಕೆಲಸ ಮಾಡಿದರು ಎಂದಷ್ಟೇ ತೋರಿಸುತ್ತದೆ.

ಈ ನೆಲೆಯೂ ಒಮ್ಮೆ ಕದಲಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು, 1799ರವರೆಗೆ ಸೆರೆಯಲ್ಲಿಟ್ಟರು. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಾವಿರಾರು ಕುಟುಂಬಗಳು ಚದುರಿದ್ದರಲ್ಲಿ ಅನುಮಾನವಿಲ್ಲ. ಮರಳಿದವರು ಭೂಮಿ, ಇಗರ್ಜಿ, ಸಂಬಂಧ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಹದಿನೈದು ವರ್ಷಗಳ ಬಿರುಕನ್ನು ದಾಟಿಯೂ ಒಂದು ಅಡುಗೆ ಉಳಿಯುವುದು ಬರಹದಿಂದಲ್ಲ, ತಾಯಿ ಮಗಳ ಕೈಯಿಂದ.

ಇನ್ನು ಗಂಭೀರವಾದ ಆಕ್ಷೇಪಕ್ಕೆ ಬರಬೇಕು. ಈ ಹಂಚಿಕೆಯನ್ನು ಕರುಣೆ, ಸೌಹಾರ್ದ ಎಂದು ಕರೆಯುವುದು ಚರಿತ್ರೆಯನ್ನು ಸಿಹಿ ಮಾಡಿದಂತಲ್ಲವೇ? ಕೆನರಾದ ಕ್ಯಾಥೋಲಿಕರು ಬಾಮಣ, ಚಾರೊಡಿ, ಶೂದ್ರ ಎಂಬ ಜಾತಿಭೇದಗಳನ್ನು ಗೋವೆಯಿಂದ ಹೊತ್ತು ತಂದು ಮದುವೆ ಸಂಬಂಧಗಳಲ್ಲಿ ಬಹುಕಾಲ ಪಾಲಿಸಿದರು. ಧಣಿ ಮತ್ತು ಒಕ್ಕಲಿನ ನಡುವೆ ಹಬ್ಬದ ಕೊಡುಗೆ ಸ್ವಇಚ್ಛೆಯದಾಗಿರಲಿಲ್ಲ. ಗೇಣಿದಾರ ತರಕಾರಿ, ಬಾಳೆಗೊನೆ ಹೊತ್ತು ಧಣಿಯ ಅಂಗಳಕ್ಕೆ ಬರುವುದು, ಧಣಿ ತಿಂಡಿ ಕೊಟ್ಟು ಕಳಿಸುವುದು ಅಧಿಕಾರದ ಭಾಷೆಯೇ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಒಡೆಯನಾದ ಮೇಲೆ ಈ ಹೊರೆಕಾಣಿಕೆಯ ನಂಟು ಬಹುಮಟ್ಟಿಗೆ ಕಳಚಿತು. ಆಕ್ಷೇಪದ ಈ ಭಾಗವನ್ನು ಒಪ್ಪಲೇಬೇಕು. ಆದರೆ ಒಂದು ಮಾತು. ಕುಸ್ವಾರ್ ಬರಿಯ ಧಣಿತನದ ಅಂಗವಾಗಿದ್ದರೆ ಧಣಿತನದ ಜೊತೆ ಅದೂ ಹೋಗಬೇಕಿತ್ತು. ಹೋಗಲಿಲ್ಲ. ಗೇಣಿಯ ಲೆಕ್ಕ ಮುಗಿದ ಮೇಲೂ ತಟ್ಟೆ ಬೇಲಿಯಾಚೆಗೆ ಹೋಗುತ್ತಲೇ ಇತ್ತು, ಈಗ ಸಮಾನರ ನಡುವೆ. ಕೋಮು ದ್ವೇಷದಿಂದ ಕರಾವಳಿ ಬೆಂದ ವರ್ಷಗಳಲ್ಲಿ ಈ ತಟ್ಟೆ ಏನನ್ನೂ ತಡೆಯಲಿಲ್ಲ ಎನ್ನುವವರಿದ್ದಾರೆ. ಗಲಭೆ ತಡೆಯುವ ಹೊಣೆಯನ್ನು ತಿಂಡಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ನೆರೆಯವರ ಹೆಸರು, ಅವರ ಮಕ್ಕಳ ಹೆಸರು, ಅವರು ಏನು ತಿನ್ನುತ್ತಾರೆ ಏನು ಬಿಡುತ್ತಾರೆ ಎಂಬ ತಿಳಿವನ್ನು ವರ್ಷಕ್ಕೊಮ್ಮೆಯಾದರೂ ಹೊಸದು ಮಾಡಿಕೊಳ್ಳುವ ಏರ್ಪಾಡು ಇದು. ಆ ತಿಳಿವು ನನ್ನ ಕಣ್ಣಿಗೆ ತುಂಬಾ ಬೆಲೆಯುಳ್ಳದ್ದು.

19ನೇ ಶತಮಾನದಿಂದ ಮುಂಬಯಿಗೆ, 1970ರ ದಶಕದಿಂದ ಕೊಲ್ಲಿ ದೇಶಗಳಿಗೆ ಹೋದವರ ಹಿಂದೆಯೇ ಕುಸ್ವಾರೂ ಹೋಯಿತು. ಇಂದು ಮಂಗಳೂರು, ಬೆಂಗಳೂರಿನ ಬೇಕರಿಗಳು ಡಿಸೆಂಬರಿನಲ್ಲಿ ಡಬ್ಬಿಗಟ್ಟಲೆ ಮಾರುತ್ತವೆ. ಇದರಿಂದ ಸಂಪ್ರದಾಯ ಸತ್ತಿತೆಂದು ಕೊರಗುವವರಿದ್ದಾರೆ. ಬದಲಾದದ್ದು ಮುಖ್ಯವಾಗಿ ಪದದ ಅರ್ಥ ಎಂದು ನನಗನ್ನಿಸುತ್ತದೆ: ಊಟವಾಗಿದ್ದದ್ದು ಕೊಡುಗೆಯಾಗಿ, ಈಗ ಅಂಗಡಿಯಲ್ಲಿ ತೂಗಿ ಕೊಡುವ ಸರಕಿನ ಹೆಸರಾಗಿದೆ. ಕೊಂಡು ತಂದದ್ದನ್ನು ತಾನೊಬ್ಬನೇ ತಿಂದರೆ ಅದು ತಿಂಡಿಯಷ್ಟೇ, ನೆರೆಮನೆಗೆ ಒಯ್ದರೆ ಹಳೆಯ ಅರ್ಥ ಮತ್ತೆ ಜೀವ ಪಡೆಯುತ್ತದೆ. ಹಾಗಾಗಿ ತಿಂಡಿ ಎಲ್ಲಿಗೆ ಹೋಯಿತು ಎಂಬುದು ಮೊದಲ ಪ್ರಶ್ನೆ, ಅದನ್ನು ಯಾರು ಕರಿದರು ಎಂಬುದು ಎರಡನೆಯದು.

ಕೊಟ್ಟು ತೆಗೆದುಕೊಳ್ಳುವುದೆಂದರೆ ಬರಿಯ ವಿನಿಮಯ, ಅದರಲ್ಲಿ ದಯೆಯ ಮಾತೇಕೆ ಎಂಬುದು ಉಳಿದಿರುವ ಕೊನೆಯ ಆಕ್ಷೇಪ. ಬಂದ ತಟ್ಟೆಯನ್ನು ಬರಿದಾಗಿ ಮರಳಿಸಬಾರದೆಂಬ ರೂಢಿ ಕರಾವಳಿಯಲ್ಲಿ ಇದ್ದೇ ಇದೆ. ಕಡೇಪಕ್ಷ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಚೌತಿಗೋ ದೀಪಾವಳಿಗೋ ಈದಿಗೋ ಆ ಮನೆಯಿಂದ ಈ ಮನೆಗೆ ತಟ್ಟೆ ಬರುತ್ತದೆ. ಹಾಗೆ ನೋಡಿದರೆ ಇದು ಲೆಕ್ಕವೇ. ಆದರೆ ಈ ಲೆಕ್ಕ ನಿಲ್ಲುವ ಒಂದು ಜಾಗವಿದೆ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬದ ಬಾಣಲೆ ಇಡಬಾರದೆಂಬ ಕಟ್ಟು ಕರಾವಳಿಯ ಹಿಂದೂಗಳಲ್ಲೂ ಇದೆ, ಕ್ರೈಸ್ತರಲ್ಲೂ ಇದೆ. ಅಂಥ ಮನೆಗೆ ಸುತ್ತಲಿನವರೇ ಕುಸ್ವಾರ್ ಕಳಿಸುತ್ತಾರೆ. ಆ ಮನೆ ಮರುತಟ್ಟೆ ಕಳಿಸಲಾರದು, ಕಳಿಸಬೇಕೆಂದು ಯಾರೂ ಕಾಯುವುದೂ ಇಲ್ಲ. ಲ್ಯಾಟಿನ್ ಬೇರನ್ನು ಅರಿಯದವರ ಕೈಯಲ್ಲಿಯೇ ಆ ಪದ ತನ್ನ ಮೊದಲಿನ ಅರ್ಥಕ್ಕೆ ಬಂದು ನಿಲ್ಲುವುದು ಆ ಅಂಗಳದಲ್ಲಿ, ಬಟ್ಟೆ ಮುಚ್ಚಿದ ತಟ್ಟೆಯನ್ನು ಒಳಗಿಟ್ಟು ನೆರೆಯಾಕೆ ಸುಮ್ಮನೆ ಪಕ್ಕದಲ್ಲಿ ಕೂತಾಗ.